ಗಂಗೊಳ್ಳಿ ಗಂಟು

ಗುಲಾಬಿ ಸರಿಯಾಗಿ ನಿದ್ದೆ ಮಾಡಿ ಏಳು ವರ್ಷವಾಗಿತ್ತು. ಉಪಗ್ರಹಗಳು ಕೆಟ್ಟುಹೋಗಿಯೂ ಅಷ್ಟೇ ವರ್ಷ. ಸೂರ್ಯ ಒಂದು ವಾರ ಕೆರಳಿ ನಿಂತ ಆ ದಿನಗಳಲ್ಲಿ ಆಕಾಶದಲ್ಲಿ ತಿರುಗುತ್ತಿದ್ದ ಯಂತ್ರಗಳೆಲ್ಲ ಕರಕಲಾದವು. ಹೊಸದನ್ನು ಹಾರಿಸಿದರೆ ಹಳೆಯದರ ಚೂರು ಬಡಿದು ಅದೂ ಹೋಗುತ್ತಿತ್ತು. ನೀನು ಇಲ್ಲಿದ್ದೀ ಎಂದು ತೋರಿಸುತ್ತಿದ್ದ ನೀಲಿ ಚುಕ್ಕೆ ಜಗತ್ತಿನ ಎಲ್ಲ ಫೋನುಗಳಿಂದ ಒಂದೇ ಸಲ ಮಾಯವಾಯಿತು. ನೆಲದ ಮೇಲಿದ್ದವರಿಗೆ ಅದರಿಂದ ಪ್ರಾಣ ಹೋಗುವಂಥ ನಷ್ಟವೇನಿಲ್ಲ, ರಿಕ್ಷಾದವನನ್ನು ಕೇಳಿದರಾಯಿತು. ಕಡಲಿನಲ್ಲಿ ಯಾರನ್ನು ಕೇಳುವುದು?

ಕೇಳುವುದಕ್ಕೆಂದೇ ಸರಕಾರ ಗಂಗೊಳ್ಳಿ ಬಂದರಿನ ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಒಂದು ಸ್ಥಾನ ಕೇಂದ್ರ ತೆರೆಯಿತು. ಕೇಂದ್ರ ಎಂದರೆ ದೊಡ್ಡದೇನಲ್ಲ: ಒಂದು ರೇಡಿಯೋ, ಗೋಡೆಯ ಮೇಲೆ ಕಡಲಿನ ನಕ್ಷೆ, ನಲವತ್ತು ಬೋಟುಗಳಿಗೆ ನಲವತ್ತು ಗುಂಡುಪಿನ್ನು, ಒಂದು ರಿಜಿಸ್ಟರು. ಸೂರ್ಯ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ರೇಡಿಯೋ ಕೂಡ ಬೆಳಕು ಹರಿಯುವಾಗ ಅರ್ಧ ಗಂಟೆ, ಕತ್ತಲಾಗುವಾಗ ಅರ್ಧ ಗಂಟೆ ಮಾತ್ರ ಬಾಯಿ ಬಿಡುತ್ತಿತ್ತು. ಉಳಿದ ಹೊತ್ತೆಲ್ಲ ಎಣ್ಣೆಯಲ್ಲಿ ಬಂಗಡೆ ಹುರಿದ ಹಾಗೆ ಚೊರ್ ಎನ್ನುವ ಸದ್ದು. ಆ ಎರಡು ಅರ್ಧ ಗಂಟೆಗಳಿಗಾಗಿ ಗುಲಾಬಿ ದಿನಕ್ಕೆ ಎರಡು ಸಲ ಆ ಕುರ್ಚಿಯಲ್ಲಿ ಕೂರುತ್ತಿದ್ದಳು. ನಡುವೆ ಅಡುಗೆ, ಬಟ್ಟೆ, ನೀರು, ಹೇಗೋ ಒಂದು ನಿದ್ದೆ. ನಲವತ್ತೆಂಟು ವರ್ಷಕ್ಕೇ ಅವಳ ಮಂಡಿ ಅರವತ್ತರ ಮಾತಾಡುತ್ತಿತ್ತು.

ದೊಡ್ಡ ಹಡಗುಗಳವರು ತಮಗೆ ಬೇಕಾದ ಯಂತ್ರ ಮಾಡಿಸಿಕೊಂಡರು. ಮೀನಿನ ಬೋಟುಗಳಿಗೆ ಸಿಕ್ಕಿದ್ದು ಒಂದು ಮರದ ಪಲಗೆ. ಅಂಗೈಗಿಂತ ತುಸು ಉದ್ದ, ನಡುವೆ ತೂತು, ತೂತಿನಿಂದ ಒಂದು ಹುರಿ, ಹುರಿಯಲ್ಲಿ ಗಂಟುಗಳು. ಒಂದೊಂದು ಬಂದರಿಗೆ ಒಂದೊಂದು ಗಂಟು. ಗಂಟನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಹುರಿ ಬಿಗಿಯಾಗುವಷ್ಟು ಪಲಗೆಯನ್ನು ಮುಂದೆ ಚಾಚಿ, ಕೆಳಗಿನ ಅಂಚನ್ನು ಕಡಲಿನ ಗೆರೆಗೆ ಕೂಡಿಸಬೇಕು. ಮೇಲಿನ ಅಂಚಿಗೆ ಧ್ರುವ ನಕ್ಷತ್ರ ಸರಿಯಾಗಿ ಕೂತರೆ ಆ ಬಂದರಿನ ನೇರಕ್ಕೆ ಇದ್ದೀರಿ ಎಂದು ಲೆಕ್ಕ. ನಕ್ಷತ್ರ ಅಂಚಿಗಿಂತ ಕೆಳಗಿದ್ದರೆ ತೆಂಕಕ್ಕೆ ಸರಿದಿದ್ದೀರಿ, ಮೇಲಿದ್ದರೆ ಬಡಗಕ್ಕೆ. ಮಕ್ಕಳಾಟದಂತೆ ಕಾಣುತ್ತದೆ. ಏಳು ವರ್ಷದಿಂದ ಊರಿನ ಅನ್ನ ಅದರ ಮೇಲೇ ನಿಂತಿತ್ತು.

ಇದನ್ನೆಲ್ಲ ಕಲಿಸಿದವರು ಕ್ಯಾಪ್ಟನ್ ಲೋಬೊ. ಹಡಗಿನಲ್ಲಿ ನಲವತ್ತು ವರ್ಷ ದುಡಿದು, ಇನ್ನು ಮನೆಯಲ್ಲಿ ಕೋಳಿ ಸಾಕಿಕೊಂಡಿರುತ್ತೇನೆ ಎಂದುಕೊಂಡಿದ್ದವರನ್ನು ಸರಕಾರ ಎಬ್ಬಿಸಿ ತಂದು ಕೇಂದ್ರದ ಮುಖ್ಯಸ್ಥರನ್ನಾಗಿ ಕೂರಿಸಿತ್ತು. ಎಪ್ಪತ್ತು ದಾಟಿತ್ತು, ಎಲ್ಲಿ ಕೂತರೂ ತೂಕಡಿಸುವರು. ಪಾಠ ಹೇಳುವಾಗ ಮಾತ್ರ ಕಣ್ಣು ತೆರೆಯುತ್ತಿದ್ದವು.

"ಪೋರ್ಚುಗೀಸರು ಇಲ್ಲಿಗೆ ಬಂದದ್ದು ಧೈರ್ಯದಿಂದ ಅಂತ ಎಲ್ಲರೂ ಹೇಳ್ತಾರೆ. ಧೈರ್ಯ ಎಲ್ಲರಿಗೂ ಉಂಟು ಮಾರಾಯ್ತಿ. ಅವರ ಹತ್ತಿರ ಕೋಷ್ಟಕ ಇತ್ತು," ಎನ್ನುವರು. ಆಫ್ರಿಕದ ತೀರ ಹಿಡಿದು ಕೆಳಗಿಳಿದ ಹಾಗೆ ಧ್ರುವ ನಕ್ಷತ್ರ ನೀರಿನೊಳಗೆ ಇಳಿದುಹೋಯಿತಂತೆ. ಆಗ ಅವರು ಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ಕೋಷ್ಟಕ ನೋಡುವುದನ್ನು ಕಲಿತರು. ಅಳೆಯುವ ಹಿತ್ತಾಳೆಯ ಬಳೆ ಹಡಗಿನ ಓಲಾಟಕ್ಕೆ ನಿಲ್ಲುತ್ತಿರಲಿಲ್ಲ, ದಡಕ್ಕಿಳಿದು ಮೂರು ಕೋಲು ನೆಟ್ಟು ತೂಗುಹಾಕಿ ನೋಡುತ್ತಿದ್ದರು. ಈ ಕಡೆಯ ಕಡಲಿಗೆ ಬಂದ ಮೇಲೆ ಇಲ್ಲಿಯ ನಾವಿಕರ ಬಾಯಲ್ಲಿ ಹುರಿ, ಕೈಯಲ್ಲಿ ಪಲಗೆ ನೋಡಿ ಬೆರಗಾಗಿ, ಒಂದೆರಡು ಪಲಗೆಗಳನ್ನು ಊರಿಗೂ ಒಯ್ದರು. "ಆದರೆ ಒಂದು ಸಂಗತಿ ಅವರಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ತೆಂಕು ಬಡಗು ಅಳೀಬಹುದು, ಮೂಡು ಪಡು ಅಳೀಲಿಕ್ಕೆ ಆಗುದಿಲ್ಲ. ಅದಕ್ಕೆ ಎಂತ ಮಾಡ್ತಿದ್ರು? ಮನೆಯ ನೇರಕ್ಕೆ ಬಂದು ನಿಲ್ಲುದು, ಆಮೇಲೆ ನೆಲ ಸಿಗುವ ತನಕ ಸೀದಾ ಹೋಗುದು. ನಡುವೆ ಬಂಡೆ ಸಿಕ್ಕಿದ್ರೆ ಅವರ ಹಣೆಬರಹ."

ಕೊನೆಗೆ ಒಂದು ಮಾತನ್ನು ಅವರು ಪ್ರತಿ ಪಾಠದಲ್ಲೂ ಸೇರಿಸುತ್ತಿದ್ದರು: "ನನ್ನನ್ನು ಕೇಳಿದ್ರೆ ಆ ಕಾಲದಲ್ಲಿ ಹಡಗು ಮುಳುಗಿಸಿದ್ದು ಗಾಳಿಗಿಂತ ಹೆಚ್ಚು ದಾರಿ ತೋರಿಸುವ ಪೈಲಟ್‌ನ ಬಾಯಿ. ತಪ್ಪಿದೆ ಅಂದ್ರೆ ಕೆಲಸ ಹೋಗ್ತದೆ ಅಂತ ಬಾಯಿ ಮುಚ್ಚಿಕೊಂಡೇ ಮುಳುಗುದು."

ಆ ಮಾತು ಬಂದಾಗಲೆಲ್ಲ ಗುಲಾಬಿ ಕಿಟಕಿಯ ಕಡೆ ನೋಡುತ್ತಿದ್ದಳು. ಅದಕ್ಕೆ ಕಾರಣವಿತ್ತು.

ಅವಳ ಗಂಡ ಶೀನ 'ನಾಗಶ್ರೀ' ಬೋಟಿನ ತಾಂಡೇಲ. ಬೋಟು ನಡೆಸುವವನು, ಏಳು ಜನರ ಜೀವಕ್ಕೆ ಹೊಣೆಯಾದವನು. ಎರಡು ವರ್ಷದ ಹಿಂದೆ ಬಲೆಯ ಹಗ್ಗ ಕಿತ್ತು ಮುಖಕ್ಕೆ ಹೊಡೆದು ಮೇಲಿನ ನಾಲ್ಕು ಹಲ್ಲು ಅಲ್ಲಾಡಿದವು, ಮಳೆಗಾಲ ಮುಗಿಯುವುದರೊಳಗೆ ಒಂದೊಂದಾಗಿ ಬಿದ್ದವು. ತಾಂಡೇಲ ಪಲಗೆ ಹಿಡಿಯುವ ಪರವಾನಗಿ ಚೀಟಿಗೆ ಒಂದು ನಿಯಮವಿದೆ: ಹುರಿ ಕಚ್ಚುವ ಮುಂದಿನ ಹಲ್ಲು ಸ್ವಂತದ್ದಾಗಿರಬೇಕು. ವರ್ಷಕ್ಕೊಮ್ಮೆ ಬೋಟು ಕಟ್ಟುವ ದಕ್ಕೆಯಲ್ಲಿ ಎಲ್ಲ ತಾಂಡೇಲರನ್ನೂ ಸಾಲಾಗಿ ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿದ ಹಾಗೆ ಬಿಡಿಸಿ ನೋಡುತ್ತಾರೆ. ಹಲ್ಲಿಲ್ಲದವನಿಗೆ ಚೀಟಿ ಇಲ್ಲ, ಚೀಟಿ ಇಲ್ಲದವನು ದಕ್ಕೆಯಲ್ಲಿ ಮೀನು ಹೊರಬೇಕು. ಶೀನ ಮದುವೆಗೆ ಹೋಗುತ್ತೇನೆಂದು ಹೇಳಿ ಶಿವಮೊಗ್ಗಕ್ಕೆ ಹೋಗಿ ಕಟ್ಟಿದ ಹಲ್ಲು ಹಾಕಿಸಿಕೊಂಡು ಬಂದ. ಕ್ಯಾಪ್ಟನ್ ಲೋಬೊ ಟಾರ್ಚು ಬಿಟ್ಟು ನೋಡಿದರು, ಅವರ ಕಣ್ಣಿಗೆ ಪೊರೆ. "ಒಳ್ಳೆ ಹಲ್ಲು," ಎಂದರು. ಆ ಹಲ್ಲಿನಲ್ಲೇ ಹುರಿ ಕಚ್ಚಿಸಿ, ಅಳೆದು, ಗಂಟು ಹಾಕಿದರು. ಅಳತೆಯ ಸಾಕ್ಷಿಗೆ ರಿಜಿಸ್ಟರಿನಲ್ಲಿ ಸಹಿ ಹಾಕಿದವಳು ಗುಲಾಬಿ. ಆವತ್ತು ರಾತ್ರಿ ಶೀನ ಅವಳ ಕೈ ಹಿಡಿದು, "ಈ ವಿಷ್ಯ ಚಿತೆಗೆ ಹೋಪಲ್ಲಿವರೆಗೂ ನಮ್ಮಿಬ್ಬರಲ್ಲೇ," ಎಂದಿದ್ದ. ಅವಳು ಹೂಂ ಎಂದಿದ್ದಳು.

ಆ ದಿನ ನವೆಂಬರ್ ಕೊನೆಯ ಒಂದು ಬೆಳಗ್ಗೆ. ಬಾನು ಬೂದು ಬಣ್ಣಕ್ಕೆ ತಿರುಗಿ, ನಕ್ಷತ್ರವೂ ಕಡಲಿನ ಗೆರೆಯೂ ಒಟ್ಟಿಗೆ ಕಾಣುವ ಹತ್ತು ನಿಮಿಷ. ಬೋಟುಗಳು ಒಂದೊಂದಾಗಿ ಗಂಟು ಒಪ್ಪಿಸಿದವು. ಧ್ರುವ ನಕ್ಷತ್ರ ನಿಂತಲ್ಲೇ ನಿಲ್ಲುವುದೆಂದು ಜನ ಹೇಳುತ್ತಾರೆ. ಅದೂ ಸಣ್ಣ ಸುತ್ತು ಹಾಕುತ್ತದೆ. ಹೊತ್ತಿಗೆ ತಕ್ಕಂತೆ ಎಷ್ಟು ಕಳೆಯಬೇಕು, ಎಷ್ಟು ಕೂಡಿಸಬೇಕು ಎಂದು ಕೋಷ್ಟಕ ನೋಡಿ ಹೇಳುವುದೇ ಗುಲಾಬಿಯ ಕೆಲಸ.

"ನಾಗಶ್ರೀ. ಗಂಗೊಳ್ಳಿ ಗಂಟ್," ಎಂದ ಶೀನ, ದೂರದಿಂದ. ಮಾತು ಯಾಕೋ ಪುಸುಪುಸು ಎನ್ನುತ್ತಿತ್ತು, ರೇಡಿಯೋ ಸದ್ದಿರಬೇಕೆಂದುಕೊಂಡಳು. "ನೀನ್ ಹೇಳ್ದಷ್ಟ್ ಕಳ್ದ್ ಕಂಡೆ. ಅಂಚಿಗೇ ಕೂತಿತ್ತ್. ಇನ್ನ್ ಸೀದಾ ಮೂಡಕ್ಕೆ ಬಪ್ಪುದೇ. ಇವತ್ತ್ ರಾತ್ರಿ ಅಳಿವೆ ಹೊರ್ಗೆ ಲಂಗ್ರ್."

"ನಾಲ್ಕ್ ದಿನದಿಂದ ನೀರ್ ತೆಂಕಕ್ಕೆ ಎಳಿತಿತ್ತ್ ಅಂತಿದ್ರಿ. ಈ ತಿಂಗ್ಳಲ್ಲಿ ನೀರ್ ಬಡಗಕ್ಕೆ ಅಲ್ದಾ ಹರಿಯುದು?"

"ಕಡ್ಲಲ್ಲಿ ಇಪ್ಪುದು ನಾನಾ ನೀನಾ? ನಕ್ಷತ್ರ ಅಂಚಿಂದ ಕೆಳ್ಗ್ ಕಂಡ್ರೆ ತೆಂಕಕ್ಕೆ ಬಂದಿತ್ತ್ ಅಂತ್ಲೇ. ಬಡಗಕ್ಕೆ ಹೋಯಿ ಸರಿ ಮಾಡ್ಕಂಡೆ."

"ಆಯ್ತ್ ಮಾರಾಯ್ರೆ. ಗಂಜಿ ಆಯ್ತಾ?"

"ಗಂಜಿ ಬಿಟ್ಟ್ ಬೇರೆ ಎಂತ ತಿಂಬುಕ್ ಆತ್ತ್?" ಎಂದವನು ತಟಕ್ಕನೆ ಸುಮ್ಮನಾದ. ಚೊರ್ ಸದ್ದು ಶುರುವಾಯಿತು. ಗುಲಾಬಿ ನಾಗಶ್ರೀಯ ಗುಂಡುಪಿನ್ನನ್ನು ಗಂಗೊಳ್ಳಿಯ ನೇರಕ್ಕೆ ಚುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಗೆ ಹೊರಟಳು.

ಮನೆಯಲ್ಲಿ ಒಲೆ ಹೊತ್ತಿಸಿದಳು, ಉಂಡಳು, ಚಾಪೆ ಹಾಸಿದಳು. ಎದ್ದಾಗ ಮೂರು ಗಂಟೆ ದಾಟಿತ್ತು. ಮೈಯೆಲ್ಲ ಸೀಸ. ಕಾಪಿಗೆ ನೀರಿಡೋಣವೆಂದು ಒಲೆಯ ಗೂಡಿಗೆ ಕೈ ಹಾಕಿದರೆ ಉಪ್ಪಿನಕಾಯಿ ಭರಣಿಯ ಹಿಂದೆ ಸ್ಟೀಲ್ ಲೋಟವೊಂದು ಸಿಕ್ಕಿತು. ಎತ್ತಿದಾಗ ಒಳಗೆ ಕಟಕ್ಕೆಂದಿತು. ನೀರಿನಲ್ಲಿ ನಾಲ್ಕು ಹಲ್ಲು ಅವಳನ್ನೇ ನೋಡಿ ನಗುತ್ತಿದ್ದವು.

ಅವಳಿಗೂ ನಗು ಬಂತು. ಹೋಗುವ ಹಿಂದಿನ ದಿನ ವಸಡು ಊದಿಕೊಂಡಿದೆ ಎಂದು ತೆಗೆದಿಟ್ಟಿದ್ದ, ಬೆಳಗಿನ ಗಡಿಬಿಡಿಯಲ್ಲಿ ಮರೆತು ಹೋಗಿದ್ದಾನೆ. ಅದಕ್ಕೇ ಗಂಜಿ, ಅದಕ್ಕೇ ಪುಸುಪುಸು. "ಹಾಳಾದವ್ರೆ," ಎಂದು ನಗುತ್ತಲೇ ಲೋಟ ಕೆಳಗಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು.

ಹಲ್ಲಿಲ್ಲದವನು ಹುರಿಯನ್ನು ಎಲ್ಲಿ ಕಚ್ಚುತ್ತಿದ್ದಾನೆ?

ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಪಲಗೆಯನ್ನು ಇಳಿಸಿದಳು. ಬಾಗಿಲಲ್ಲಿ ನಿಂತು ಗಂಗೊಳ್ಳಿ ಗಂಟನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಎದುರುಮನೆಯ ಕಾಂಪೌಂಡಿನಿಂದ ಮೇಲಕ್ಕೆ ಹಿಡಿದಳು. ಪಲಗೆಯ ಮೇಲಂಚು ಸರಿಯಾಗಿ ಹಂಚಿನ ಸೂರಿಗೆ ಬಂತು. ನಂತರ ಅದೇ ಗಂಟನ್ನು ಬದಿಯ ದವಡೆ ಹಲ್ಲಿನಲ್ಲಿ ಕಚ್ಚಿದಳು. ಹುರಿಯ ಒಂದು ಬೆರಳಗಲ ಬಾಯೊಳಗೆ ಹೋಯಿತು, ಪಲಗೆ ಅಷ್ಟು ಹತ್ತಿರ ಬಂತು, ಹತ್ತಿರ ಬಂದದ್ದು ದೊಡ್ಡದಾಗಿ ಕಂಡಿತು. ಸೂರು ಪಲಗೆಯ ಹಿಂದೆ ಮುಚ್ಚಿಹೋಯಿತು. ಇನ್ನೊಮ್ಮೆ ನೋಡಿದಳು. ಇನ್ನೊಮ್ಮೆ.

ನೀರು ತೆಂಕಕ್ಕೆ ಎಳೆದಿರಲೇ ಇಲ್ಲ. ಪಲಗೆ ದೊಡ್ಡದಾಗಿ ಕಂಡದ್ದರಿಂದ ನಕ್ಷತ್ರ ಕೆಳಗೆ ಕಂಡಿತ್ತು. ಅದನ್ನು ಅಂಚಿಗೆ ಕೂರಿಸುವುದಕ್ಕೆ ಈ ಮನುಷ್ಯ ನಾಲ್ಕು ದಿನದಿಂದ ಸುಮ್ಮನೆ ಬಡಗಕ್ಕೆ ಹೋಗಿದ್ದ.

ಕಾಪಿ ಕುಡಿಯದೆ ಕೇಂದ್ರಕ್ಕೆ ಓಡಿದಳು. ಓಡಿದಳು ಎನ್ನುವುದು ಮಾತಿಗೆ. ಆ ಮಂಡಿಯಲ್ಲಿ ಎಷ್ಟು ಆಗುತ್ತದೋ ಅಷ್ಟು. ಕಾಗದದಲ್ಲಿ ಲೆಕ್ಕ ಹಾಕಿದಳು. ಒಂದು ಬೆರಳಗಲಕ್ಕೆ ಕಡಲಿನ ಮೈಲಿಯಲ್ಲಿ ಇಪ್ಪತ್ತೆರಡು. ಗುಂಡುಪಿನ್ನು ಕಿತ್ತು ಇಪ್ಪತ್ತೆರಡು ಮೈಲಿ ಬಡಗಕ್ಕೆ ಚುಚ್ಚಿ, ಅಲ್ಲಿಂದ ಸ್ಕೇಲ್ ಇಟ್ಟು ಮೂಡಕ್ಕೆ ಗೆರೆ ಎಳೆದಳು. ಗೆರೆ ಮುರುಡೇಶ್ವರದ ಎದುರು ಕಡಲಿನ ನಡುವೆ ಒಂದು ಕಪ್ಪು ಚುಕ್ಕೆಯ ಮೇಲೆ ಹಾದುಹೋಯಿತು. ನೇತ್ರಾಣಿ ಗುಡ್ಡ. ನೀರಿನಿಂದ ಗೋಡೆಯ ಹಾಗೆ ಎದ್ದು ನಿಂತ ಬಂಡೆ. ಅಮಾವಾಸ್ಯೆ ಹತ್ತಿರ, ಗುಡ್ಡದ ಮೇಲಿನ ದೀಪ ಕೆಟ್ಟು ವರ್ಷಗಳಾಗಿದ್ದವು. ಬೋಟಿನ ವೇಗ ಲೆಕ್ಕ ಹಾಕಿದರೆ ಎಂಟೂವರೆಗೆ ಅಲ್ಲಿ. ರೇಡಿಯೋ ಬಾಯಿ ಬಿಡುವುದು ಆರೂಕಾಲಿಗೆ.

ಕ್ಯಾಪ್ಟನ್ ಮೂಲೆಯ ಬೆಂಚಿನಿಂದ ಕಣ್ಣು ತೆರೆದರು. "ಎಂತದು ಗುಲಾಬಿ? ಇಷ್ಟು ಬೇಗ?"

"ಎಂತ ಇಲ್ಲ ಸರ್. ನಾಗಶ್ರೀ ಬಡಗಕ್ಕೆ ಹೋಗಿದೆ ಅಂತ ಸಂಶಯ."

"ಗಂಟು ಸರಿ ಉಂಟಲ್ಲ?"

"ಗಂಟು ಸರಿ ಉಂಟು."

ಅವರು ಎದ್ದು ಬಂದು ನಕ್ಷೆಯ ಗೆರೆಯನ್ನು ನೋಡಿದರು, ಅವಳ ಮುಖ ನೋಡಿದರು, ಏನೂ ಕೇಳದೆ ಪಕ್ಕದ ಕುರ್ಚಿಯಲ್ಲಿ ಕೂತರು. ಅವರು ಕೇಳಿದ್ದರೆ ಚೆನ್ನಾಗಿತ್ತು ಎಂದು ಗುಲಾಬಿಗೆ ಅನ್ನಿಸಿತು. ಕೇಳದವರಿಗೆ ಹೇಳುವುದು ಕಷ್ಟ.

ಆರೂಕಾಲಾಯಿತು. ಆರೂವರೆ. ಚೊರ್ ಎನ್ನುವ ಸದ್ದು ನಿಲ್ಲಲೇ ಇಲ್ಲ. ಗುಲಾಬಿ ಮಹಾಂಕಾಳಿಯಮ್ಮನಿಗೆ ಒಂದು ಸೀರೆಯ ಹರಕೆ ಹೇಳಿಕೊಂಡಳು, ನಾಗನಿಗೆ ತಂಬಿಲ ಪೂಜೆ ಹೇಳಿಕೊಂಡಳು. ಆರು ಮೂವತ್ತೆಂಟಕ್ಕೆ ಸದ್ದು ತೆಳ್ಳಗಾಗಿ ಒಂದು ದನಿ ಕೇಳಿತು, ಇನ್ನೊಂದು ಕೇಳಿತು. ಅವರನ್ನೆಲ್ಲ ತಡೆದು ಅವಳು ನಾಗಶ್ರೀಯನ್ನು ಕರೆದಳು.

"ನಾಗಶ್ರೀ. ಗಂಗೊಳ್ಳಿ ಗಂಟ್. ಬೆಳಿಗ್ಗಿನ ಹಾಂಗೇ," ಎಂದ ಶೀನ.

"ಹ್ವಾಯ್, ತೆಂಕಕ್ಕೆ ತಿರ್ಗಿ. ಎದ್ರಿಗೆ ನೇತ್ರಾಣಿ ಇತ್ತ್."

"ಮಂಡೆ ಸಮ ಇತ್ತಾ ನಿಂಗೆ? ನೇತ್ರಾಣಿ ಎಲ್ಲಿ, ನಾನೆಲ್ಲಿ? ನಕ್ಷತ್ರ ಅಂಚಲ್ಲಿ ಕೂತಿತ್ತ್ ಅಂದೆ."

ಕೇಂದ್ರದ ಮಾತಿಗಿಂತ ಗಂಟಿನ ಮಾತು ಮೇಲೆಂದು ಎಲ್ಲ ತಾಂಡೇಲರಿಗೂ ಕಲಿಸಿದ್ದು ಈ ಕೇಂದ್ರವೇ. ಗುಲಾಬಿ ಮೈಕಿಗೆ ಬಾಯಿ ಹತ್ತಿರ ತಂದಳು. "ಒಲೆ ಗೂಡಲ್ಲಿ ಲೋಟ ಮರ್ತ್ ಹೋಯ್ದ್ರಿ," ಎಂದಳು ಮೆಲ್ಲಗೆ.

ಅವನಿಗೆ ಅರ್ಥವಾಗಿತ್ತು. "ಇರ್ಲಿ. ಅದ್ರ ಮಾತ್ ಈಗ್ ಎಂತಕ್ಕೆ? ಬಂದ್ ಕಾಂಬ," ಎಂದ ಸಿಡುಕಿನಿಂದ.

ಅರ್ಥವಾದದ್ದು ಲೋಟ ಮಾತ್ರ, ಬೆರಳಗಲವಲ್ಲ. ಚೊರ್ ಸದ್ದು ಮತ್ತೆ ದಪ್ಪವಾಗತೊಡಗಿತ್ತು. ಚಾನೆಲ್ಲಿನಲ್ಲಿ ನಲವತ್ತು ಬೋಟು ಕಿವಿಕೊಟ್ಟಿದ್ದವು, ಪಕ್ಕದಲ್ಲಿ ಕ್ಯಾಪ್ಟನ್ ಕೂತಿದ್ದರು, ಮುಂದೆ ಅವಳದೇ ಸಹಿಯಿದ್ದ ರಿಜಿಸ್ಟರು. ಚೀಟಿ ಹೋಗುತ್ತದೆ, ಮಾನ ಹೋಗುತ್ತದೆ, ಈ ಕುರ್ಚಿಯೂ ಹೋಗುತ್ತದೆ. ಹೋಗಲಿ. ಅವಳಿಗೆ ಅಳುವಷ್ಟೂ ಶಕ್ತಿಯಿರಲಿಲ್ಲ, ಸಿಟ್ಟು ಮಾತ್ರ ಬಂತು.

"ಹ್ವಾಯ್, ಕೇಣಿ ಇಲ್ಲಿ!" ಎಂದು ಕೂಗಿದಳು. "ನಿಮ್ಮ ಮುಂದಿನ ನಾಲ್ಕ್ ಹಲ್ಲ್ ಕಟ್ಸಿದ್ದ್. ಹಲ್ಲ್ ಮನೆಲಿತ್ತ್. ದವಡಿಲಿ ಕಚ್ಚಿ ಕಾಂತಾ ಇದ್ರಿ, ಹುರಿ ಒಂದ್ ಬೆರ್ಳ್ ಗಿಡ್ಡ ಆಯಿತ್ತ್. ಇಪ್ಪತ್ತೆರ್ಡ್ ಮೈಲಿ ಬಡಗಕ್ಕಿದ್ರಿ. ಏಳ್ ಜನ ಇದ್ರ್ ಬೋಟಲ್ಲಿ. ತೆಂಕಕ್ಕೆ ತಿರ್ಗಿ, ಈಗ್ಲೇ ತಿರ್ಗಿ!"

ಮತ್ತೆ ಹೇಳಿದಳು. ಮೂರನೆಯ ಸಲವೂ ಹೇಳಿದಳು. ನಾಗಶ್ರೀ ಕಡೆಯಿಂದ ಬರೇ ಚೊರ್.

ಆಗ ಹತ್ತಿರದ ಯಾವುದೋ ಬೋಟಿನಿಂದ ಒಂದು ದನಿ ತಡವರಿಸುತ್ತ ಬಂತು. "ಗುಲಾಬಿಯಕ್ಕ... ಇದ್ ಜಯಲಕ್ಷ್ಮಿ ಬೋಟ್. ನಂಗೂ ಮೇಲಿನ ಎರಡ್ ಹಲ್ಲ್ ಇಲ್ಲೆ. ಕೋರೆ ಹಲ್ಲಲ್ಲಿ ಕಚ್ಚುದ್. ನಾನ್ ಎಷ್ಟ್ ತೆಂಕಕ್ಕೆ ಹೋಯ್ಕ್?"

ಗುಲಾಬಿ ಕ್ಯಾಪ್ಟನ್ ಮುಖ ನೋಡಿದಳು. ಅವರು ಪೆನ್ಸಿಲ್ ಹಿಡಿದಿದ್ದ ಕೈಯನ್ನು ಅಲ್ಲಾಡಿಸಿ, ಹೇಳು ಎಂದರು. ಅವಳು ಲೆಕ್ಕ ಹಾಕಿ ಹೇಳಿದಳು. ಕೂಡಲೇ ಇನ್ನೊಬ್ಬ: ಅವನು ಮೂರು ತಿಂಗಳಿಂದ ವಸಡಿನಲ್ಲೇ ಒತ್ತಿ ಹಿಡಿಯುತ್ತಿದ್ದನಂತೆ. ಮತ್ತೊಬ್ಬ: ಕಟ್ಟಿಸಿದ್ದು ಸಡಿಲವಾಗಿ ಅಂಟಿಗೆ ಮೇಣ ಹಾಕುತ್ತಿದ್ದನಂತೆ. ಕಡಲಿನ ಕತ್ತಲೆಯಲ್ಲಿ ಒಬ್ಬೊಬ್ಬರೇ ಬಾಯಿ ತೆರೆದು ತೋರಿಸುತ್ತಿದ್ದರು. ರೇಡಿಯೋ ಮುಚ್ಚುವುದರೊಳಗೆ ಆರು ಜನ ಆಗಿದ್ದರು.

ಕ್ಯಾಪ್ಟನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರೆ. ಇಲ್ಲಿ ಕಡಲಿಗೆ ಹೋದವನಿಗೆ ಹಲ್ಲಿಲ್ಲ," ಎಂದರು. "ಹಲ್ಲಿಲ್ಲದಿದ್ದದ್ದು ತಪ್ಪಲ್ಲ. ಯಾವ ಹಲ್ಲು ಇದೆಯೋ ಅದಕ್ಕೇ ಗಂಟು ಹಾಕಿದ್ರೆ ಮುಗೀತಿತ್ತು. ನಿಯಮ ಬರೆದವ ನಾನೇ." ಕನ್ನಡಕ ಮತ್ತೆ ಏರಿಸಿಕೊಂಡರು. "ಆದ್ರೆ ಸುಳ್ಳು ಸಹಿ ಹಾಕಿದ್ದು ನೀನು. ಅದನ್ನು ಮೇಲಿನವರಿಗೆ ಬರೆಯದೆ ಇರ್ಲಿಕ್ಕೆ ಆಗುದಿಲ್ಲ. ನನ್ನ ಕಣ್ಣಿನ ಬಗ್ಗೆಯೂ ಬರೀತೇನೆ. ನಾಳೆಯಿಂದ ನಾವಿಬ್ಬರೂ ಇಲ್ಲಿ ಕೂರುವ ಹಾಗಿಲ್ಲ ಅಂತ ಕಾಣ್ತದೆ."

"ಬರೀರಿ ಸರ್. ಬೆಳಿಗ್ಗೆವರೆಗೆ ಕೂರ್ತೇನೆ."

ಕೂತಳು. ಕ್ಯಾಪ್ಟನ್ ಮನೆಗೆ ಹೋಗದೆ ಬೆಂಚಿನ ಮೇಲೆ ಕಾಲು ಚಾಚಿದರು. ಎಂಟೂವರೆ ಬಂತು, ಹೋಯಿತು. ಆ ಹೊತ್ತಿನಲ್ಲಿ ಗುಲಾಬಿ ಗಡಿಯಾರ ನೋಡಲಿಲ್ಲ, ನಕ್ಷೆಗೆ ಬೆನ್ನು ಹಾಕಿ ರಿಜಿಸ್ಟರಿಗೆ ಗೆರೆ ಹೊಡೆಯುತ್ತ ಕೂತಳು. ಬೋಟು, ಹೊತ್ತು, ಗಂಟು ಎಂದಿದ್ದ ಅಂಕಣಗಳ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು, ಅದರ ತಲೆಗೆ 'ಯಾವ ಹಲ್ಲು' ಎಂದು ಬರೆದಳು. ಹಾಗೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳೋ ಏನೋ.

ಎಚ್ಚರವಾದಾಗ ಕಿಟಕಿ ಬೂದಾಗಿತ್ತು. ರೇಡಿಯೋ ಸದ್ದಿಲ್ಲದೆ ತೆರೆದುಕೊಂಡಿತ್ತು. ಯಾವ ಬೋಟೂ ಮಾತಾಡುತ್ತಿರಲಿಲ್ಲ; ಎಲ್ಲರೂ ಒಂದೇ ದನಿಗಾಗಿ ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಕರೆಯುವುದಕ್ಕೆ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

"ನಾಗಶ್ರೀ," ಎಂದಿತು ರೇಡಿಯೋ.

ಗುಲಾಬಿಗೆ ಉಸಿರು ಬಂತು. ಕೆಲಸದ ದನಿಯಲ್ಲೇ ಕೇಳಿದಳು: "ಎಲ್ಲಿ?"

"ಅಳಿವೆ ಹೊರ್ಗೆ. ಏಳ್ ಜನವೂ ಇತ್ತೊ. ಕತ್ಲಲ್ಲಿ ಒಳ್ಗ್ ಬಪ್ಪುಕ್ ಆಯ್ಲಿಲ್ಲ. ನಿನ್ ಮಾತ್ ನಂಬುಕೇ ಹೊತ್ತಾಯ್ತ್. ತಿರ್ಗ್ವೊತ್ತಿಗೆ ಬಡಗ ಬದಿಲಿ ನೀರ್ ಬಂಡೆಗ್ ಬಡಿದದ್ದ್ ಕೇಂಡಿತ್ತ್."

ಅವಳು ರಿಜಿಸ್ಟರು ಹತ್ತಿರ ಎಳೆದುಕೊಂಡಳು.

"ಗಂಟ್?" ಎಂದಳು.

"ಗಂಗೊಳ್ಳಿ ಗಂಟ್." ಆಮೇಲೆ ಶೀನ ತಾಂಡೇಲ ನಲವತ್ತು ಬೋಟುಗಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: "ದವಡೆ ಹಲ್ಲ್."

ಗುಲಾಬಿ ಹೊಸ ಅಂಕಣದಲ್ಲಿ ಬರೆದುಕೊಂಡಳು.

"ಮತ್ತೆಂತ?"

"ದಕ್ಕೆಗೆ ಬಪ್ಪೊತ್ತಿಗೆ ಆ ಲೋಟ ತಕಂಡ್ ಬಾ," ಎಂದ ಶೀನ. "ಹಸಿವಾತ್ತ್."